ಸರ್ಚ್ ಬಾಕ್ಸ್ ಕೆಳಗೆ ಬರುವ ಸಜೆಶನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಗೂಗಲ್‌ನಲ್ಲಿ ಎರಡಕ್ಷರ ಒತ್ತುವಷ್ಟರಲ್ಲಿ ಕೆಳಗೆ ಸಾಲಾಗಿ ಪ್ರಶ್ನೆಗಳು ಬಂದು ನಿಲ್ಲುತ್ತವೆ. ಅವು ಯಾರ ಪ್ರಶ್ನೆಗಳು, ಯಾಕೆ ಅದೇ ಸಾಲಿನಲ್ಲಿ ಬರುತ್ತವೆ, ಅವುಗಳನ್ನು ನಂಬಬಹುದಾ ಎಂದು ಜನ ಮತ್ತೆ ಮತ್ತೆ ಕೇಳುತ್ತಾರೆ. ಆ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಟ್ಟಿದ್ದೇನೆ. ಹೆಚ್ಚಿನ ಉದಾಹರಣೆಗಳು ಗೂಗಲ್‌ನವು. ನಮ್ಮಲ್ಲಿ ಬಹಳಷ್ಟು ಜನ ಬಳಸುವುದು ಅದನ್ನೇ.

ಈ ಸಜೆಶನ್‌ಗಳು ಎಲ್ಲಿಂದ ಬರುತ್ತವೆ? ಯಾರಾದರೂ ಕೂತು ಬರೆಯುತ್ತಾರಾ?

ಯಾರೂ ಬರೆಯುವುದಿಲ್ಲ. ಬೇರೆ ಜನ ಈಗಾಗಲೇ ಸರ್ಚ್ ಮಾಡಿರುವ ಸಾಲುಗಳೇ ಇದರ ಮೂಲ. ನೀವು 'ಅಡಿಕೆ' ಎಂದು ಒತ್ತಿದ ತಕ್ಷಣ ಅಷ್ಟು ಅಕ್ಷರ ಗೂಗಲ್‌ನ ಸರ್ವರ್‌ಗೆ ಹೋಗುತ್ತದೆ. ಆ ಅಕ್ಷರಗಳಿಂದ ಶುರುವಾಗುವ, ಜನ ಜಾಸ್ತಿ ಹುಡುಕಿರುವ ಸಾಲುಗಳನ್ನು ಅದು ತೆಗೆಯುತ್ತದೆ. ಆಮೇಲೆ ನಿಮ್ಮ ಭಾಷೆ ಯಾವುದು, ಯಾವ ಊರಿನಲ್ಲಿದ್ದೀರಿ, ಈ ಹೊತ್ತಿಗೆ ಯಾವ ವಿಷಯ ಬಿಸಿಯಾಗಿದೆ, ನೀವು ಹಿಂದೆ ಏನು ಹುಡುಕಿದ್ದೀರಿ ಎಂದು ನೋಡಿ ಅವುಗಳನ್ನು ಒಂದರ ಕೆಳಗೊಂದು ಜೋಡಿಸುತ್ತದೆ. ತೋರಿಸಬಾರದು ಎಂದು ಗುರುತು ಮಾಡಿದ್ದನ್ನು ತೆಗೆದುಹಾಕುತ್ತದೆ. ಇಷ್ಟೆಲ್ಲ ಒಂದು ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ. ಇನ್ನೊಂದು ಅಕ್ಷರ ಒತ್ತಿದರೆ ಮತ್ತೆ ಮೊದಲಿಂದ.

ಎಲ್ಲ ಸಾಲುಗಳೂ ಯಾರೋ ಟೈಪ್ ಮಾಡಿದ ಪೂರ್ತಿ ಸಾಲುಗಳೇ ಆಗಿರಬೇಕಿಲ್ಲ. ದಿನವೂ ಬರುವ ಸರ್ಚ್‌ಗಳಲ್ಲಿ ಸುಮಾರು 15% ಹಿಂದೆ ಯಾರೂ ಕೇಳದ ಹೊಸ ಸಾಲುಗಳು ಎಂದು ಗೂಗಲ್ ಹೇಳುತ್ತಾ ಬಂದಿದೆ. ಅಂಥ ಕಡೆ ಯಾವ ಪದದ ಪಕ್ಕ ಯಾವ ಪದ ಬರುವುದು ರೂಢಿ ಎಂದು ನೋಡಿ ಊಹಿಸುತ್ತದೆ.

ಒಂದು ವಿಷಯ ಗಮನಿಸಿ. ಈ ಇಡೀ ಕೆಲಸದಲ್ಲಿ 'ಇದು ನಿಜವಾ?' ಎಂದು ಪರೀಕ್ಷೆ ಮಾಡುವ ಹಂತವೇ ಇಲ್ಲ.

ಇದು ಯಾವಾಗ ಶುರುವಾಯಿತು?

2004ರ ಡಿಸೆಂಬರ್‌ನಲ್ಲಿ, 'ಗೂಗಲ್ ಸಜೆಸ್ಟ್' ಎಂಬ ಹೆಸರಿನಲ್ಲಿ. ಗೂಗಲ್‌ನ ಎಂಜಿನಿಯರ್ ಕೆವಿನ್ ಗಿಬ್ಸ್ ಇದನ್ನು ಪ್ರಯೋಗವಾಗಿ ಮಾಡಿದ್ದರು. 2008ರಲ್ಲಿ ಮುಖ್ಯ ಪುಟಕ್ಕೇ ಬಂತು. ಟೈಪಿಂಗ್ ಕಡಿಮೆ ಮಾಡುವುದೇ ಉದ್ದೇಶ. ಸರಾಸರಿ ಸುಮಾರು 25% ಟೈಪಿಂಗ್ ಉಳಿಯುತ್ತದೆ ಎಂದು 2018ರಲ್ಲಿ ಕಂಪನಿ ಹೇಳಿತ್ತು. ಸಣ್ಣ ಮೊಬೈಲ್ ಪರದೆಯಲ್ಲಿ, ಅದರಲ್ಲೂ ಕಣ್ಣು ಮಂಜಾದ ಹಿರಿಯರಿಗೆ, ಇದು ದೊಡ್ಡ ಅನುಕೂಲ.

ನನ್ನ ಫೋನಿನಲ್ಲಿ ಒಂದು ಥರ, ಮಗಳ ಫೋನಿನಲ್ಲಿ ಇನ್ನೊಂದು ಥರ ಬರುತ್ತದೆ. ಯಾಕೆ?

ನಿಮ್ಮ ಹಳೆಯ ಸರ್ಚ್‌ಗಳು ಬೇರೆ, ಅವಳವು ಬೇರೆ. ಸಜೆಶನ್‌ನ ಪಕ್ಕ ಗಡಿಯಾರದ ಚಿತ್ರ ಇದ್ದರೆ ಅದು ಆ ಅಕೌಂಟಿನಿಂದ ಹಿಂದೆ ಹುಡುಕಿದ್ದು. ಊರೂ ಲೆಕ್ಕಕ್ಕೆ ಬರುತ್ತದೆ. ಶಿರಸಿಯಲ್ಲಿ ಕೂತು 'ಬಸ್' ಎಂದು ಒತ್ತಿದವರಿಗೂ ದುಬೈನಲ್ಲಿ ಕೂತು ಒತ್ತಿದವರಿಗೂ ಒಂದೇ ಪಟ್ಟಿ ಬರುವುದಿಲ್ಲ. ಆದ್ದರಿಂದ ಯಾರಾದರೂ ಸ್ಕ್ರೀನ್‌ಶಾಟ್ ಕಳಿಸಿ 'ನೋಡಿ, ದೇಶವೆಲ್ಲ ಇದನ್ನೇ ಹುಡುಕುತ್ತಿದೆ' ಎಂದರೆ ಒಪ್ಪಿಕೊಳ್ಳಬೇಡಿ. ಅದು ಆ ಫೋನಿನ, ಆ ಹೊತ್ತಿನ ಪಟ್ಟಿ. ಎಷ್ಟು ಜನ ಹುಡುಕಿದ್ದಾರೆ ಎಂಬ ಸಂಖ್ಯೆ ಅದರಲ್ಲಿ ಎಲ್ಲೂ ಇರುವುದಿಲ್ಲ.

ಮೊದಲನೇ ಸಾಲಿನಲ್ಲಿ ಬಂದಿದ್ದು ನಿಜ ಇರಬೇಕು, ಅಲ್ವಾ?

ಅಲ್ಲ. ಜನ ಜಾಸ್ತಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಸಜೆಶನ್ ಪಟ್ಟಿ ಊರಿನ ಅರಳಿಕಟ್ಟೆ ಇದ್ದ ಹಾಗೆ. ಅಲ್ಲಿ ಕೂತರೆ ಜನ ಏನು ಮಾತಾಡುತ್ತಿದ್ದಾರೆ ಎಂದು ಗೊತ್ತಾಗುತ್ತದೆ. ಮಾತಾಡಿದ್ದು ನಡೆದಿದೆಯಾ ಎಂದು ಗೊತ್ತಾಗುವುದಿಲ್ಲ.

ಗೃಹಲಕ್ಷ್ಮಿ ಯೋಜನೆಯ ಹೆಸರು ಟೈಪ್ ಮಾಡಿದಾಗ ಪಕ್ಕದಲ್ಲಿ 'ರದ್ದು' ಎಂಬ ಪದ ಬಂತು ಎಂದುಕೊಳ್ಳಿ. ಆಗಿರುವುದು ಇಷ್ಟೇ ಇರಬಹುದು: ಒಂದು ತಿಂಗಳು ಹಣ ತಡವಾಯಿತು, ಯಾರೋ ರದ್ದಾಯಿತು ಎಂದರು, ಹೌದಾ ಎಂದು ಸಾವಿರಾರು ಹೆಂಗಸರು ಗೂಗಲ್‌ನಲ್ಲಿ ಕೇಳಿದರು. ಅವರ ಆತಂಕವೇ ಸಜೆಶನ್ ಆಗಿ ನಿಮಗೆ ಕಾಣುತ್ತಿದೆ. ನೀವು ಅದನ್ನು ಸುದ್ದಿ ಎಂದು ಓದಿ ಪಕ್ಕದ ಮನೆಯವರಿಗೆ ಹೇಳಿದರೆ ಅವರೂ ಹುಡುಕುತ್ತಾರೆ. ಪದ ಇನ್ನೂ ಮೇಲಕ್ಕೆ ಬರುತ್ತದೆ. ನಟರ, ರಾಜಕಾರಣಿಗಳ ಸಾವಿನ ಸುಳ್ಳು ಸುದ್ದಿ ಹಬ್ಬುವಾಗಲೂ ಹೀಗೇ ಆಗುತ್ತದೆ. ಸುಳ್ಳಾ ನಿಜವಾ ಎಂದು ನೋಡಲು ಬಂದವರೇ ಅದನ್ನು ಪಟ್ಟಿಯ ತುದಿಗೆ ಏರಿಸುತ್ತಾರೆ.

ನನಗೆ ಇನ್ನೂ ಬೇಸರ ತರಿಸುವ ಉದಾಹರಣೆ ಇದೆ. 2016ರಲ್ಲಿ ಪಿ.ವಿ. ಸಿಂಧು ರಿಯೊ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ ಗೆದ್ದಾಗ ಜನ ಗೂಗಲ್‌ನಲ್ಲಿ ಜಾಸ್ತಿ ಹುಡುಕಿದ್ದರಲ್ಲಿ ಅವರ ಜಾತಿಯೂ ಒಂದು. 2018ರಲ್ಲಿ ಅಸ್ಸಾಮಿನ ಹಿಮಾ ದಾಸ್ ಫಿನ್ಲೆಂಡಿನಲ್ಲಿ ನಡೆದ 20 ವರ್ಷದೊಳಗಿನವರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ 400 ಮೀಟರ್ ಓಟದ ಚಿನ್ನ ಗೆದ್ದರು. ಅವರ ಹೆಸರು ಟೈಪ್ ಮಾಡಿದರೂ ಮೇಲೆ ಬಂದದ್ದು ಜಾತಿಯ ಪ್ರಶ್ನೆ. ಗದ್ದೆ ಬದುವಿನಲ್ಲಿ ಓಡಿ ಬೆಳೆದ ಹುಡುಗಿಯ ಬಗ್ಗೆ ಕೇಳಲು ಎಷ್ಟೊಂದು ಇತ್ತು. ಕಂಪ್ಯೂಟರ್‌ಗೆ ಜಾತಿ ಎಂದರೆ ಏನು ಎಂದು ಗೊತ್ತಿಲ್ಲ. ಕೇಳಿದ್ದು ನಾವು. ಅದು ನಮ್ಮ ಪ್ರಶ್ನೆಯನ್ನು ಮುಂದಿನವರ ಮುಂದೆ ಇಟ್ಟಿತು. ಆಟದ ಸ್ಕೋರ್ ನೋಡಲು ಬಂದ ಶಾಲೆಯ ಮಗು ಕೂಡ ಆ ಸಾಲನ್ನು ನೋಡುತ್ತದೆ. 'ಓ, ಇದನ್ನೂ ಕೇಳಬೇಕು' ಎಂದುಕೊಳ್ಳುತ್ತದೆ.

2013ರಲ್ಲಿ ವಿಶ್ವಸಂಸ್ಥೆಯ ಮಹಿಳಾ ವಿಭಾಗ ಒಂದು ಪ್ರಚಾರ ಮಾಡಿತ್ತು. ಹೆಂಗಸರ ಮುಖದ ಫೋಟೊ, ಬಾಯಿಯ ಜಾಗದಲ್ಲಿ ಗೂಗಲ್‌ನ ಸರ್ಚ್ ಬಾಕ್ಸ್. 'ಹೆಂಗಸರು ಹೀಗಿರಬೇಕು' ಎಂದು ಇಂಗ್ಲಿಷ್‌ನಲ್ಲಿ ಶುರು ಮಾಡಿದರೆ 'ಮನೆಯಲ್ಲೇ ಇರಬೇಕು' ಎಂಬಂಥ ಸಾಲುಗಳು ಬರುತ್ತಿದ್ದವು. ಅವು ನಿಜವಾಗಿ ಗೂಗಲ್ ತೋರಿಸಿದ ಸಾಲುಗಳೇ. ಯಾರೂ ಕಟ್ಟಿದ್ದಲ್ಲ.

ಹಾಗಾದರೆ ಗೂಗಲ್ ಏನನ್ನೂ ತೆಗೆಯುವುದಿಲ್ಲವಾ?

ತೆಗೆಯುತ್ತದೆ. ದ್ವೇಷ, ಹಿಂಸೆ, ಅಶ್ಲೀಲ, ಅಪಾಯದ ಕೆಲಸ, ಒಬ್ಬರ ಹೆಸರಿನ ಜೊತೆ ಹೀನಾಯ ಮಾಡುವ ಮಾತು ಇವೆಲ್ಲ ಬರಬಾರದು ಎಂದು ನಿಯಮ ಇದೆ. ಬಹುಪಾಲು ಕೆಲಸ ಯಂತ್ರವೇ ಮಾಡುತ್ತದೆ, ಹಾಗಾಗಿ ತಪ್ಪುತ್ತದೆ ಕೂಡ. 2016ರ ಡಿಸೆಂಬರ್‌ನಲ್ಲಿ ಬ್ರಿಟನ್ನಿನ ಪತ್ರಕರ್ತೆ ಕ್ಯಾರೊಲ್ ಕ್ಯಾಡ್‌ವಾಲಡರ್, ಯೆಹೂದಿಗಳ ಬಗ್ಗೆ ಟೈಪ್ ಮಾಡಲು ಶುರು ಮಾಡಿದರೆ 'ಅವರು ಕೆಟ್ಟವರಾ' ಎಂದು ಗೂಗಲ್ ತಾನೇ ಮುಗಿಸುತ್ತದೆ ಎಂದು ಬರೆದರು. ಗೂಗಲ್ ಅದನ್ನು ತೆಗೆಯಿತು. ಮುಂದಿನ ವರ್ಷ, ಕೆಟ್ಟ ಸಜೆಶನ್ ಬಗ್ಗೆ ಬಳಸುವವರೇ ದೂರು ಕೊಡುವ ವ್ಯವಸ್ಥೆ ಬಂತು.

2020ರಲ್ಲಿ, ಅಮೆರಿಕದ ಚುನಾವಣೆಗೆ ಮುಂಚೆ, ಅಭ್ಯರ್ಥಿಯ ಅಥವಾ ಪಕ್ಷದ ಪರ-ವಿರೋಧ ಎನಿಸುವ ಸಾಲುಗಳನ್ನು ತೋರಿಸುವುದಿಲ್ಲ ಎಂದು ಗೂಗಲ್ ಹೇಳಿತು.

ಇದರ ಇನ್ನೊಂದು ಮುಖ ಇದೆ. ಸಜೆಶನ್ ಬರಲಿಲ್ಲ ಎಂದ ಮಾತ್ರಕ್ಕೆ ಆ ವಿಷಯವೇ ಇಲ್ಲ ಎಂದಲ್ಲ. 2024ರ ಜುಲೈನಲ್ಲಿ ಟ್ರಂಪ್ ಮೇಲೆ ಗುಂಡಿನ ದಾಳಿ ಆಯಿತು. ಅದರ ಬಗ್ಗೆ ಟೈಪ್ ಮಾಡಿದರೆ ಸಜೆಶನ್ ಬರುತ್ತಿರಲಿಲ್ಲ. ಗೂಗಲ್ ಬೇಕೆಂದೇ ಮುಚ್ಚಿಡುತ್ತಿದೆ ಎಂದು ದೊಡ್ಡ ಗದ್ದಲ ಎದ್ದಿತು. ರಾಜಕೀಯ ಹಿಂಸೆಯ ಸಾಲುಗಳನ್ನು ತಡೆಯಲು ಹಾಕಿದ್ದ ಹಳೆಯ ತಡೆ ಕಾಲಕ್ಕೆ ತಕ್ಕಂತೆ ಬದಲಾಗಿರಲಿಲ್ಲ ಎಂದು ಕಂಪನಿ ವಿವರಣೆ ಕೊಟ್ಟಿತು. ಪೂರ್ತಿ ಸಾಲು ಟೈಪ್ ಮಾಡಿ ಎಂಟರ್ ಒತ್ತಿದವರಿಗೆ ಸುದ್ದಿ ಸಿಗುತ್ತಲೇ ಇತ್ತು. ನೀವೂ ಹಾಗೇ ಮಾಡಿ.

ದುಡ್ಡು ಕೊಟ್ಟು ಸಜೆಶನ್ ಬರುವಂತೆ ಮಾಡಬಹುದಾ?

ಗೂಗಲ್ ಇದನ್ನು ಜಾಹೀರಾತಾಗಿ ಮಾರುವುದಿಲ್ಲ. ಆದರೆ ಹೊರಗಿನವರು ಮಾರುತ್ತಾರೆ. ನೂರಾರು ಕಂಪ್ಯೂಟರ್‌ಗಳಿಂದ, ಬೇರೆ ಬೇರೆ ಅಕೌಂಟ್‌ಗಳಿಂದ ಒಂದೇ ಸಾಲನ್ನು ಪದೇ ಪದೇ ಸರ್ಚ್ ಮಾಡಿಸುತ್ತಾರೆ. ಯಂತ್ರ ಅದನ್ನು ಜನರ ಆಸಕ್ತಿ ಎಂದುಕೊಳ್ಳುತ್ತದೆ. 2018ರಲ್ಲಿ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದವರಿದ್ದ ಒಂದು ಸಂಶೋಧನಾ ತಂಡ ಇದನ್ನು ಪರೀಕ್ಷಿಸಿತು. ದೊಡ್ಡ ಸರ್ಚ್ ಎಂಜಿನ್‌ಗಳಲ್ಲಿ 3.8 ಲಕ್ಷಕ್ಕೂ ಹೆಚ್ಚು ಹೀಗೆ ತುರುಕಿದ ಸಜೆಶನ್‌ಗಳು ಸಿಕ್ಕವು. ನೋಡಿದ್ದು ಕೋಟಿಗಟ್ಟಲೆ ಸಾಲುಗಳನ್ನು, ಆದ್ದರಿಂದ ಪ್ರಮಾಣ ಚಿಕ್ಕದೇ. ಆದರೆ ಹಾಗೆ ತುರುಕುವವರಿಗೆ ಸಾಮಾನ್ಯವಾಗಿ ನಿಮ್ಮ ಕಿಸೆಯ ಮೇಲೇ ಕಣ್ಣು.

'ಒಳ್ಳೆಯ', 'ಬೆಸ್ಟ್', 'ನಂಬರ್ ಒನ್' ಎಂದು ಶುರು ಮಾಡಿದಾಗ ಪೂರ್ತಿ ಅಂಗಡಿಯ ಹೆಸರೋ ಸಾಫ್ಟ್‌ವೇರ್ ಹೆಸರೋ ಬಂದು ಕೂತರೆ ಸ್ವಲ್ಪ ತಡೆದು ನೋಡಿ.

ಬ್ಯಾಂಕಿನ ಕಸ್ಟಮರ್ ಕೇರ್ ನಂಬರ್ ಹುಡುಕಲು ಸಜೆಶನ್ ಒತ್ತಬಹುದಾ?

ದಯವಿಟ್ಟು ಬೇಡ. ಈ ಪುಟದಲ್ಲಿ ಒಂದೇ ಉತ್ತರ ಓದುವುದಾದರೆ ಇದನ್ನು ಓದಿ.

ಬ್ಯಾಂಕಿನ ಹೆಸರು ಒತ್ತಿದರೆ 'ಕಸ್ಟಮರ್ ಕೇರ್ ನಂಬರ್' ಎಂದು ಸಜೆಶನ್ ಬರುವುದು ಸಹಜ. ಅಷ್ಟೊಂದು ಜನ ಅದನ್ನೇ ಹುಡುಕುತ್ತಾರೆ. ಸಜೆಶನ್‌ನಲ್ಲಿ ಮೋಸ ಇಲ್ಲ. ಅದನ್ನು ಒತ್ತಿದ ಮೇಲೆ ಬರುವ ಪುಟಗಳಲ್ಲಿ ಮೋಸ ಇರಬಹುದು. ಕಳ್ಳರು ಬ್ಯಾಂಕ್, ಕೊರಿಯರ್, ಗ್ಯಾಸ್ ಏಜೆನ್ಸಿ, ವಿಮಾನ ಕಂಪನಿಗಳ ಹೆಸರಿನಲ್ಲಿ ತಮ್ಮ ಮೊಬೈಲ್ ನಂಬರ್ ಹಾಕಿ ಪುಟ ಮಾಡಿರುತ್ತಾರೆ, ಮ್ಯಾಪ್‌ನಲ್ಲಿ ನಂಬರ್ ಬದಲಿಸಿರುತ್ತಾರೆ. ಜನ ಯಾವ ಸಾಲನ್ನು ಹುಡುಕುತ್ತಾರೆ ಎಂದು ಸಜೆಶನ್ ನೋಡಿಯೇ ತಿಳಿದುಕೊಂಡು ಅದೇ ಸಾಲನ್ನು ತಮ್ಮ ಪುಟದ ತಲೆಬರಹ ಮಾಡುತ್ತಾರೆ. ಹಣ ಕಟ್ ಆಗಿ ಗಾಬರಿಯಲ್ಲಿರುವವರು ಮೊದಲು ಕಂಡ ನಂಬರಿಗೆ ಫೋನ್ ಮಾಡುತ್ತಾರೆ. ಆ ಕಡೆಯವರು ಸಮಾಧಾನವಾಗಿ ಮಾತಾಡಿ ಒಂದು ಆ್ಯಪ್ ಹಾಕಿಸುತ್ತಾರೆ, ಒಟಿಪಿ ಕೇಳುತ್ತಾರೆ. ಅಲ್ಲಿಗೆ ಖಾತೆ ಖಾಲಿ.

ನಂಬರ್ ಬೇಕಿದ್ದರೆ ಎಟಿಎಂ ಕಾರ್ಡಿನ ಹಿಂಭಾಗ, ಪಾಸ್‌ಬುಕ್, ಅಥವಾ ಬ್ಯಾಂಕಿನದೇ ಆ್ಯಪ್ ನೋಡಿ. ಮನೆಯ ಹಿರಿಯರ ಫೋನಿನಲ್ಲಿ ಸರಿಯಾದ ನಂಬರನ್ನು ಇವತ್ತೇ ಸೇವ್ ಮಾಡಿಕೊಡಿ. ಮೋಸ ಆಗಿಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಅದು ಸೈಬರ್ ವಂಚನೆಗೆ ಇರುವ ರಾಷ್ಟ್ರೀಯ ಸಹಾಯವಾಣಿ. ಬೇಗ ಹೇಳಿದಷ್ಟೂ ಹಣ ತಡೆಹಿಡಿಯುವ ಅವಕಾಶ ಹೆಚ್ಚು.

2021ರಲ್ಲಿ ಗೂಗಲ್ ಕನ್ನಡಕ್ಕೆ ಅವಮಾನ ಮಾಡಿತ್ತಲ್ಲ, ಅದೂ ಸಜೆಶನ್ನಾ?

ಅಲ್ಲ, ಅದು ಉತ್ತರದ ಪೆಟ್ಟಿಗೆ. ಭಾರತದ ಕೆಟ್ಟ ಭಾಷೆ ಯಾವುದು ಎಂದು ಇಂಗ್ಲಿಷ್‌ನಲ್ಲಿ ಕೇಳಿದರೆ, ಯಾವುದೋ ಒಂದು ವೆಬ್‌ಸೈಟಿನ ಸಾಲನ್ನು ಎತ್ತಿ ಪುಟದ ತುದಿಯಲ್ಲಿ ದಪ್ಪಕ್ಷರದಲ್ಲಿ ಕನ್ನಡ ಎಂದು ತೋರಿಸಿತ್ತು. 2021ರ ಜೂನ್ ಮೊದಲ ವಾರ ಅದು. ಕನ್ನಡಿಗರು ಸಿಟ್ಟಾದರು, ಆಗ ಕನ್ನಡ ಮತ್ತು ಸಂಸ್ಕೃತಿ ಸಚಿವರಾಗಿದ್ದ ಅರವಿಂದ ಲಿಂಬಾವಳಿ ಕ್ಷಮೆ ಕೇಳಬೇಕೆಂದರು, ಗೂಗಲ್ ಕ್ಷಮೆ ಕೇಳಿ ಅದನ್ನು ತೆಗೆಯಿತು.

ಎರಡಕ್ಕೂ ವ್ಯತ್ಯಾಸ ತಿಳಿದಿರಬೇಕು. ಸಜೆಶನ್ ಎಂಬುದು ಎಂಟರ್ ಒತ್ತುವ ಮುಂಚೆ ಬರುವ, ಬೇರೆಯವರ ಪ್ರಶ್ನೆ. ಉತ್ತರದ ಪೆಟ್ಟಿಗೆ ಎಂಟರ್ ಒತ್ತಿದ ಮೇಲೆ ಬರುವ, ಯಾವುದೋ ಒಂದು ಪುಟದ ಮಾತು. ಈಗ ಅದೇ ಜಾಗದಲ್ಲಿ ಎಐ ಬರೆದ ಸಾರಾಂಶವೂ ಬರುತ್ತದೆ. ಕೆಳಗೆ ಯಾವ ವೆಬ್‌ಸೈಟಿನಿಂದ ತೆಗೆದದ್ದು ಎಂದು ಇರುತ್ತದೆ. ಅದನ್ನು ಒತ್ತಿ ಬರೆದವರು ಯಾರು ಎಂದು ನೋಡುವ ಅಭ್ಯಾಸ ಒಳ್ಳೆಯದು.

ಕನ್ನಡದಲ್ಲಿ ಟೈಪ್ ಮಾಡಿದರೆ ಸಜೆಶನ್ ಅಷ್ಟು ಸರಿ ಬರುವುದಿಲ್ಲ. ಯಾಕೆ?

ಕಾರಣ ಒಂದಲ್ಲ. ಮೊದಲನೆಯದು, ಕನ್ನಡ ಲಿಪಿಯಲ್ಲಿ ಸರ್ಚ್ ಮಾಡುವವರು ಇಂಗ್ಲಿಷ್‌ಗೆ ಹೋಲಿಸಿದರೆ ಬಹಳ ಕಡಿಮೆ. ಊಹೆ ಮಾಡಲು ಯಂತ್ರಕ್ಕೆ ಸಿಗುವ ಸಾಮಗ್ರಿಯೇ ಕಡಿಮೆ. ಅಷ್ಟೇ ಅಲ್ಲ, ಸ್ವಲ್ಪ ಜನ ಹುಡುಕಿದ ವಿಚಿತ್ರ ಸಾಲೂ ಮೇಲೆ ಬಂದುಬಿಡಬಹುದು.

ಎರಡನೆಯದು, ನಮ್ಮಲ್ಲಿ ಪದಕ್ಕೆ ಪ್ರತ್ಯಯ ಅಂಟುತ್ತದೆ. ಅಡಿಕೆ ಬೆಲೆ, ಅಡಿಕೆಯ ಬೆಲೆ, ಅಡಿಕೆಗೆ ಬೆಲೆ ಎಂದು ಮೂವರು ಮೂರು ಥರ ಕೇಳುತ್ತಾರೆ. ನಮಗೆ ಒಂದೇ ಪ್ರಶ್ನೆ, ಸುಮ್ನೆ ಅಕ್ಷರ ಎಣಿಸುವ ಯಂತ್ರಕ್ಕೆ ಮೂರು.

ಮೂರನೆಯದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆಯುವುದು. ಹೆಚ್ಚಿನವರು ಮಾಡುವುದು ಇದನ್ನೇ. ಆಗ ಬೆಲೆ, ಬೆಳೆ, ಬೇಳೆ ಮೂರಕ್ಕೂ ಸ್ಪೆಲಿಂಗ್ ಒಂದೇ ಆಗಿಬಿಡುತ್ತದೆ! ಬೆಳೆ ವಿಮೆ ಹುಡುಕಿದ ರೈತರಿಗೆ ಬೇಳೆ ಸಾರಿನ ರೆಸಿಪಿ ಬಂದರೆ ತಪ್ಪು ಅವರದಲ್ಲ. ಕನ್ನಡ ಲಿಪಿಯಲ್ಲಿ ಒತ್ತಿದರೆ ಈ ಗೊಂದಲ ಇಲ್ಲ. ಟೈಪ್ ಮಾಡಲು ಕಷ್ಟ ಎನ್ನುವವರು ಮೈಕ್ ಗುರುತು ಒತ್ತಿ ಮಾತಾಡಬಹುದು. ಫೋನಿನ ಕೀಬೋರ್ಡ್‌ನಲ್ಲಿ ಕನ್ನಡ ಸೇರಿಸಿಕೊಳ್ಳುವುದೂ ಸುಲಭ. ನಾವು ಕನ್ನಡದಲ್ಲಿ ಹುಡುಕಿದಷ್ಟೂ ಮುಂದಿನ ಕನ್ನಡಿಗರಿಗೆ ಪಟ್ಟಿ ಸುಧಾರಿಸುತ್ತದೆ. ನನಗೆ ಇದು ಮುಖ್ಯ ಅನಿಸುತ್ತದೆ.

ಅಂದ ಹಾಗೆ, ಧಾರಣೆಯ ವಿಷಯ ಬಂತಲ್ಲ. 'ಇವತ್ತಿನ ಅಡಿಕೆ ಬೆಲೆ ಶಿವಮೊಗ್ಗ' ಎಂಬ ಸಜೆಶನ್ ಒತ್ತಿದರೆ ಹೋದ ವರ್ಷದ ವಿಡಿಯೊ ಕೂಡ ಬರಬಹುದು. ಅಡಿಕೆಯ ಯಾವ ಬಗೆಯದು, ರಾಶಿಯದೋ ಬೆಟ್ಟೆಯದೋ, ಯಾವ ದಿನದ ದರ ಎಂದು ನೋಡಿಕೊಳ್ಳಿ. ರಾಜ್ಯದ ಕೃಷಿ ಮಾರಾಟ ಇಲಾಖೆಯ 'ಕೃಷಿ ಮಾರಾಟ ವಾಹಿನಿ'ಯಲ್ಲಿ ಮಾರುಕಟ್ಟೆವಾರು ದರ ಇರುತ್ತದೆ.

ಕಾಯಿಲೆ ಬಗ್ಗೆ ಹುಡುಕುವಾಗ ಬರುವ ಸಜೆಶನ್ ನೋಡಿದರೆ ಹೆದರಿಕೆಯಾಗುತ್ತದೆ.

ತಲೆನೋವು ಎಂದು ಒತ್ತಿದಾಗ ಪಕ್ಕದಲ್ಲಿ ದೊಡ್ಡ ಕಾಯಿಲೆಯ ಹೆಸರು ಬಂದರೆ ಯಾರಿಗಾದರೂ ಎದೆ ಧಸಕ್ಕೆನ್ನುತ್ತದೆ. ಆದರೆ ನಿಮ್ಮ ವಯಸ್ಸು, ನಿಮ್ಮ ತಲೆನೋವು ಎಂಥದು ಎಂದು ಅದಕ್ಕೆ ಗೊತ್ತಿಲ್ಲ. ನಿಮ್ಮ ಹಾಗೆಯೇ ಹೆದರಿದ ಬೇರೆಯವರು ಆ ಹೆಸರನ್ನು ಹುಡುಕಿದ್ದಾರೆ. ಹೆದರಿದವರೇ ಜಾಸ್ತಿ ಹುಡುಕುವುದರಿಂದ ಹೆದರಿಸುವ ಸಾಲುಗಳೇ ಮೇಲೆ ಬರುತ್ತವೆ. ಡಾಕ್ಟರಿಗೆ ತೋರಿಸಿ. ಮನಸ್ಸೇ ಭಾರವಾಗಿದ್ದರೆ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ ಕನ್ನಡದಲ್ಲೇ ಮಾತಾಡಬಹುದು. 2022ರಲ್ಲಿ ಶುರುವಾದ ಈ ಸರ್ಕಾರಿ ಸೇವೆಗೆ ಬೆಂಗಳೂರಿನ ನಿಮ್ಹಾನ್ಸ್ ಮುಖ್ಯ ಕೇಂದ್ರ.

ಎಂಟರ್ ಒತ್ತದಿದ್ದರೂ ನಾನು ಟೈಪ್ ಮಾಡಿದ್ದು ಕಂಪನಿಗೆ ಹೋಗುತ್ತದಾ?

ಹೋಗುತ್ತದೆ. ಪ್ರತಿ ಅಕ್ಷರಕ್ಕೂ ಸಜೆಶನ್ ಬರಬೇಕಾದರೆ ಪ್ರತಿ ಅಕ್ಷರವೂ ಹೋಗಲೇಬೇಕು. ಆದ್ದರಿಂದ ಆಧಾರ್ ನಂಬರ್, ಪಾಸ್‌ವರ್ಡ್, ಖಾತೆ ನಂಬರ್ ಇವನ್ನು ಸರ್ಚ್ ಬಾಕ್ಸ್‌ನಲ್ಲಿ ಅಂಟಿಸಿ ಅಳಿಸುವುದು ಕೂಡ ಬೇಡ.

ಮನೆಯಲ್ಲಿ ಎಲ್ಲರಿಗೂ ಒಂದೇ ಫೋನ್. ನಾನು ಹುಡುಕಿದ್ದು ಬೇರೆಯವರಿಗೆ ಕಾಣದಂತೆ ಮಾಡುವುದು ಹೇಗೆ?

ಹದಿಹರೆಯದ ಹೆಣ್ಣುಮಕ್ಕಳು, ಮನೆಯಲ್ಲಿ ಹಿಂಸೆ ಅನುಭವಿಸುತ್ತಿರುವವರು ಇದನ್ನು ಕೇಳುತ್ತಾರೆ. ಅವರಿಗೆ ಇದು ಸಣ್ಣ ವಿಷಯವಲ್ಲ.

ಕ್ರೋಮ್‌ನಲ್ಲಿ ಇನ್‌ಕಾಗ್ನಿಟೊ ಟ್ಯಾಬ್ ತೆರೆದು, ಅಲ್ಲಿ ಅಕೌಂಟಿಗೆ ಲಾಗಿನ್ ಆಗದೆ ಹುಡುಕಿ. ಕೆಲಸ ಮುಗಿದ ಮೇಲೆ ಆ ಟ್ಯಾಬ್ ಮುಚ್ಚಿ. ಆಗ ಆ ಫೋನಿನ ಹಿಸ್ಟರಿಯಲ್ಲಿ ಉಳಿಯುವುದಿಲ್ಲ. ಈಗಾಗಲೇ ಹುಡುಕಿದ್ದು ಗಡಿಯಾರದ ಚಿತ್ರದೊಂದಿಗೆ ಬರುತ್ತಿದ್ದರೆ, ಅದನ್ನು ಒತ್ತಿ ಹಿಡಿದರೆ ಅಳಿಸಲು ಕೇಳುತ್ತದೆ. ಗೂಗಲ್ ಅಕೌಂಟಿನ 'ಮೈ ಆ್ಯಕ್ಟಿವಿಟಿ' ಪುಟಕ್ಕೆ ಹೋದರೆ ಎಲ್ಲವನ್ನೂ ಒಟ್ಟಿಗೆ ಅಳಿಸಬಹುದು. 3, 18 ಅಥವಾ 36 ತಿಂಗಳಾದ ಮೇಲೆ ತಾನೇ ಅಳಿಸಿಹೋಗುವಂತೆಯೂ ಇಡಬಹುದು.

ಸಜೆಶನ್‌ಗಳೇ ಬೇಡ ಎನ್ನುವವರಿಗೆ ಫೈರ್‌ಫಾಕ್ಸ್ ಬ್ರೌಸರ್‌ನ ಸೆಟ್ಟಿಂಗ್ಸ್‌ನಲ್ಲೂ ಡಕ್‌ಡಕ್‌ಗೋ ಎಂಬ ಇನ್ನೊಂದು ಸರ್ಚ್ ಎಂಜಿನ್‌ನಲ್ಲೂ ನಿಲ್ಲಿಸುವ ಆಯ್ಕೆ ಇದೆ. ಡಕ್‌ಡಕ್‌ಗೋ ನಿಮ್ಮ ಹಳೆಯ ಸರ್ಚ್ ನೋಡಿ ಪಟ್ಟಿ ಮಾಡುವುದೂ ಇಲ್ಲ. ಗೂಗಲ್‌ನಲ್ಲಿ ಟ್ರೆಂಡಿಂಗ್ ಸಾಲುಗಳನ್ನು ಮಾತ್ರ ಸರ್ಚ್ ಸೆಟ್ಟಿಂಗ್ಸ್‌ನಿಂದ ನಿಲ್ಲಿಸಬಹುದು.

ಯೂಟ್ಯೂಬ್, ಅಮೆಜಾನ್, ಕೀಬೋರ್ಡ್ ಮೇಲೆ ಬರುವ ಪದಗಳು ಎಲ್ಲ ಒಂದೇನಾ?

ಬೇರೆ ಬೇರೆ. ಯೂಟ್ಯೂಬ್ ಅಲ್ಲಿನ ಸರ್ಚ್‌ಗಳನ್ನು ನೋಡುತ್ತದೆ. ಅಮೆಜಾನ್‌ಗೆ ಬೇಕಿರುವುದು ನೀವು ಏನಾದರೂ ಕೊಳ್ಳುವುದು, ಅದಕ್ಕೆ ತಕ್ಕ ಸಾಲುಗಳನ್ನು ತೋರಿಸುತ್ತದೆ. ಕೀಬೋರ್ಡ್ ನಿಮ್ಮ ಬರವಣಿಗೆಯಿಂದ ಕಲಿಯುತ್ತದೆ.

ನನ್ನ ಹೆಸರಿನ ಪಕ್ಕ, ಅಥವಾ ನನ್ನ ಅಂಗಡಿ ಹೆಸರಿನ ಪಕ್ಕ ಕೆಟ್ಟ ಪದ ಬರುತ್ತಿದೆ. ಏನು ಮಾಡಲಿ?

ಮೊದಲು ಇನ್‌ಕಾಗ್ನಿಟೊದಲ್ಲಿ, ಬೇರೆಯವರ ಫೋನಿನಲ್ಲಿ ನೋಡಿ. ನಿಮಗೊಬ್ಬರಿಗೇ ಬರುತ್ತಿದ್ದರೆ ಅದು ನಿಮ್ಮದೇ ಹಳೆಯ ಸರ್ಚ್. ನಿಮ್ಮ ಹೆಸರಿನ ಜೊತೆ ಆ ಪದ ಸೇರಿಸಿ ನೀವೇ ದಿನಾ ಹುಡುಕಬೇಡಿ, ಗೆಳೆಯರಿಗೂ ಹುಡುಕಿ ನೋಡಿ ಎಂದು ಹೇಳಬೇಡಿ. ಹುಡುಕಿದಷ್ಟೂ ಅದು ಗಟ್ಟಿಯಾಗುತ್ತದೆ.

ಎಲ್ಲರಿಗೂ ಬರುತ್ತಿದ್ದರೆ ದಿನ, ಹೊತ್ತು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ಕಂಪ್ಯೂಟರ್‌ನಲ್ಲಿ ಸಜೆಶನ್ ಪಟ್ಟಿಯ ಕೆಳಗೇ ದೂರು ಕೊಡುವ ಲಿಂಕ್ ಇರುತ್ತದೆ. ಮೊಬೈಲ್‌ನಲ್ಲಿ ಆ ಸಾಲನ್ನು ಒತ್ತಿ ಹಿಡಿಯಿರಿ. ಅದರಿಂದ ಆಗದಿದ್ದರೆ ಗೂಗಲ್‌ನ ಕಾನೂನು ವಿಭಾಗಕ್ಕೆ ಆನ್‌ಲೈನ್‌ನಲ್ಲೇ ಅರ್ಜಿ ಹಾಕಬಹುದು.

ಜರ್ಮನಿಯಲ್ಲಿ ಇಂಥ ಪ್ರಕರಣ ದೇಶದ ಅತ್ಯುನ್ನತ ಸಿವಿಲ್ ಕೋರ್ಟಿನವರೆಗೆ ಹೋಗಿದೆ. ಒಂದು ಕಂಪನಿಯವರ ಹೆಸರಿನ ಪಕ್ಕ ವಂಚನೆ ಎಂಬ ಪದ ಬರುತ್ತಿತ್ತು. 2013ರ ಮೇ 14ರಂದು ಕೋರ್ಟ್ ತೀರ್ಪು ಕೊಟ್ಟಿತು. ಎಲ್ಲ ಸಜೆಶನ್‌ಗಳನ್ನೂ ಮುಂಚೆಯೇ ಪರೀಕ್ಷಿಸುವ ಹೊಣೆ ಗೂಗಲ್‌ಗೆ ಇಲ್ಲ. ಆದರೆ ಒಬ್ಬರ ಹಕ್ಕಿಗೆ ಧಕ್ಕೆಯಾಗುತ್ತಿದೆ ಎಂದು ತಿಳಿಸಿದ ಮೇಲೆ ಅದನ್ನು ನೋಡಿ ತಡೆಯುವ ಹೊಣೆ ಇದೆ. ಇದು ಜರ್ಮನಿಯ ಕಾನೂನು, ನಮ್ಮ ಕೋರ್ಟುಗಳಿಗೆ ಕಟ್ಟುಪಾಡಲ್ಲ. ಹಾಗಿದ್ದರೂ ಲಿಖಿತವಾಗಿ ತಿಳಿಸಿದ ದಿನ ಯಾವುದು ಎಂಬ ದಾಖಲೆ ಎಲ್ಲಿಯಾದರೂ ಉಪಯೋಗಕ್ಕೆ ಬರುತ್ತದೆ. ದೂರಿನ ಪ್ರತಿಯನ್ನು, ಬಂದ ಇಮೇಲ್ ಉತ್ತರವನ್ನು ಅಳಿಸದೆ ಇಟ್ಟುಕೊಳ್ಳಿ. ವಕೀಲರ ಬಳಿ ಹೋಗುವಾಗ ಇವೆರಡೂ ಸ್ಕ್ರೀನ್‌ಶಾಟ್ ಜೊತೆ ಕೈಯಲ್ಲಿರಲಿ.